ಸುಮ್ಮನಿರಬೇಕಾದ ಕೈ

ನನ್ನ ನಾದಿನಿ ಬೈಯಲು ಶುರು ಮಾಡಿದರೆ ಬೀದಿ ನಾಯಿಗಳು ಬಾಲ ಮುದುರಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ನಲವತ್ತು ವರ್ಷ ಅವಳ ಜೊತೆ ಒಂದೇ ಸೂರಿನಡಿ ಇದ್ದವಳು ನಾನು, ನನ್ನ ಕಿವಿಗಳೇ ಸಾಕ್ಷಿ. ನನ್ನ ಗಂಡ, ಅಂದರೆ ಅವಳ ಅಣ್ಣ, ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವಳು ಮದುವೆಯಾಗಲಿಲ್ಲ. ಅವಳನ್ನು ಕಟ್ಟಿಕೊಳ್ಳುವಷ್ಟು ದಪ್ಪ ಚರ್ಮದ ಗಂಡು ಭೂಮಿ ಮೇಲೆ ಹುಟ್ಟಿರಲಿಲ್ಲ.

ಕೆಲಸ ಮಾತ್ರ ಚೊಕ್ಕ. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್. ಅಚ್ಚಾದ ದೊಡ್ಡ ಹಾಳೆ ಮಡಚಿ ಹೆಬ್ಬೆರಳಲ್ಲಿ ಒಮ್ಮೆ ಎಳೆದಳೆಂದರೆ ಇಸ್ತ್ರಿ ಪೆಟ್ಟಿಗೆ ನಾಚಿಕೊಳ್ಳಬೇಕು. ಯಂತ್ರಗಳ ಗದ್ದಲದಲ್ಲಿ ಮೂವತ್ತು ವರ್ಷ ಕೂತು ಅವಳ ಕಿವಿ ಮಂದವಾಗಿತ್ತು. ಬಸ್ಸಿನವನು ಹೇಳಿದ್ದನ್ನೂ ಅಂಗಡಿಯವನು ಹೇಳಿದ್ದನ್ನೂ ನಾನೇ ಅವಳ ಬಲಗಿವಿಗೆ ಬಾಯಿಟ್ಟು ಹೇಳಬೇಕು. ಹೇಳುವಾಗ ಒಂದಕ್ಕೆ ಹತ್ತು ಸೇರಿಸುವುದು ನನ್ನ ಚಾಳಿ.

ಈ ವರ್ಷ ಅವಳ ಮಡಿಕೆಗಳು ಸೊಟ್ಟಗಾದವು. ಬಲಗೈ ಹೆಬ್ಬೆರಳ ಬುಡದ ಮಾಂಸ ಕರಗಿ ಹಳ್ಳ ಬಿತ್ತು. ಆದರೆ ಸುಮ್ಮನೆ ಕೂತಾಗ ಕೈಯ ಚರ್ಮದ ಕೆಳಗೆ ಏನೋ ಪಟಪಟ ಅದುರುತ್ತಿತ್ತು.

“ನೋಡೇ, ಕೈಗೆ ಜೀವ ಬರ್ತಿದೆ. ಒಳಗೊಳಗೇ ಕಸರತ್ತು ಮಾಡ್ತಿದೆ,” ಎಂದೆ. ಅವಳು ನಂಬಿದಳು. ಮೂರು ತಿಂಗಳು ಇಬ್ಬರೂ ಅದು ಅದುರುವುದನ್ನು ನೋಡಿಕೊಂಡೇ ಖುಷಿಯಾಗಿದ್ದೆವು.

ಆಮೇಲೆ ಹಾಳೆ ಹಿಡಿಯುವುದೂ ಕಷ್ಟವಾಗಿ ಆಸ್ಪತ್ರೆಗೆ ಹೋದೆವು. ಕೋಣೆಯಲ್ಲಿ ಒಂದು ಮಂಚ, ಪರದೆ ಇದ್ದ ಒಂದು ಪೆಟ್ಟಿಗೆ, ಚಿಕ್ಕ ವಯಸ್ಸಿನ ಡಾಕ್ಟರಮ್ಮ. “ಕೈ ಎತ್ತು ಅಂತ ಮಿದುಳು ಅಪ್ಪಣೆ ಕೊಡತ್ತೆ ಅಜ್ಜಿ, ನರ ಅದನ್ನ ಹೊತ್ತು ತರತ್ತೆ. ಆಗ ಸ್ನಾಯುವಿನಲ್ಲಿ ಸಣ್ಣ ಕರೆಂಟು ಎದ್ದು, ಅದು ಬಿಗಿಯಾಗತ್ತೆ. ಆ ಕರೆಂಟನ್ನ ಈ ಪೆಟ್ಟಿಗೆ ಸದ್ದು ಮಾಡಿ ಕೇಳಿಸತ್ತೆ.”

ನಾನು ಕಿವಿಗೆ ಹೇಳಿದೆ: “ನಿನ್ನೊಳಗೆ ಪವರ್ ಹೌಸ್ ಇದೆಯಂತೆ ಕಣೇ. ಇಡೀ ಊರಿಗೆ ದೀಪ ಹಚ್ಚಬಹುದಂತೆ.”

“ಮೊದಲು ನಿನ್ನ ಬಾಯಿಯ ಫ್ಯೂಸ್ ತೆಗೀಲಿ,” ಎಂದಳು.

ಹೆಬ್ಬೆರಳ ಬುಡಕ್ಕೆ ಪೆಟ್ಟಿಗೆಯ ತಂತಿ ಕಟ್ಟಿದ ಸೂಜಿ ಇಳಿಯಿತು. “ಕೈ ಪೂರ್ತಿ ಸಡಿಲ ಬಿಡಿ.” ಬಿಟ್ಟಳು. ಪೆಟ್ಟಿಗೆ ತಗಡಿನ ಮೇಲೆ ಹನಿ ಬಿದ್ದ ಹಾಗೆ ಟಪಟಪ ಅಂದಿತು.

“ಏನಂತೆ ಅತ್ತಿಗೆ?”

“ಧೋ ಅಂತ ಸುರೀತಿದೆ ಕಣೇ! ಸುಮ್ನಿರು ಅಂದ್ರೂ ಸುಮ್ನಿರ್ತಿಲ್ಲ, ಥೇಟ್ ನಿನ್ನ ಹಾಗೆ!” ನಾನು ಚಪ್ಪಾಳೆ ತಟ್ಟಿದೆ. ಡಾಕ್ಟರಮ್ಮ ನಗಲಿಲ್ಲ. ಬಿಗಿ ಮಾಡಿ ಅಂದಾಗ ಮಾತ್ರ ಅಲ್ಲೊಂದು ಇಲ್ಲೊಂದು ಡಬ್ ಎಂದು ನಿಂತಿತು.

“ಅಜ್ಜಿ, ನಿಮ್ಮ ಕೈಯಲ್ಲಿ ಕೇಳಿಸಿದ್ರೆ ಗೊತ್ತಾಗತ್ತೆ,” ಎಂದು ನನಗೂ ಬೇರೊಂದು ಸೂಜಿ ಚುಚ್ಚಿದಳು. ಸಡಿಲ ಬಿಟ್ಟೆ. ಪೆಟ್ಟಿಗೆ ತೆಪ್ಪಗಿತ್ತು. ಬಿಗಿ ಮಾಡಿದೆ. ಜಲ್ಲಿ ಸುರಿದ ಹಾಗೆ ಅಬ್ಬರಿಸಿತು.

“ಕೆಲಸ ಇಲ್ಲದಾಗ ಸ್ನಾಯು ಸುಮ್ಮನಿರಬೇಕು. ಇವರ ನರ ಸಾಯ್ತಿದೆ. ಅಪ್ಪಣೆ ತರೋರಿಲ್ಲದೆ ಅದು ತನ್ನಷ್ಟಕ್ಕೆ ಅದುರ್ತಿದೆ.”

“ಮತ್ತೆ ಚಿಗುರಲ್ವಾ ತಾಯಿ?”

“ಇದು ಹಾಗಲ್ಲ ಅಜ್ಜಿ. ರೋಗ ಮೇಲಕ್ಕೂ ಹತ್ತಿದೆಯಾ ಅಂತ ನಾಲಿಗೆ ನೋಡಬೇಕು. ಹತ್ತಿದ್ರೆ ಮುಂದೆ ಮಾತು, ನುಂಗೋದು, ಎಲ್ಲ ಕಷ್ಟ.”

ಇಷ್ಟನ್ನೂ ಅವಳ ಕಿವಿಗೆ ನಾನೇ ಹೇಳಬೇಕಾಯಿತು. ಸೇರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವಳು ಹೆಬ್ಬೆರಳನ್ನೇ ನೋಡಿದಳು. ಆಮೇಲೆ “ನೋಡಲಿ ಬಿಡು,” ಎಂದು ಗಲ್ಲ ಎತ್ತಿಕೊಟ್ಟಳು.

ಗಲ್ಲದ ಕೆಳಗಿಂದ ಸೂಜಿ ಹೋಯಿತು. ನಾಲಿಗೆ ಸಡಿಲ ಬಿಡಲು ಡಾಕ್ಟರಮ್ಮ ಹೇಳಿದಳು. ಈ ನಾಲಿಗೆ ಒಂದು ಗಳಿಗೆ ಸುಮ್ಮನಿರಲಿ ಎಂದು ನಲವತ್ತು ವರ್ಷ ಹಲ್ಲು ಕಡಿದವಳು ನಾನು. ಇವತ್ತು ಅದನ್ನೇ ಉಸಿರು ಬಿಗಿಹಿಡಿದು ಬೇಡಿಕೊಂಡೆ.

ಟಪ್. ಸ್ವಲ್ಪ ತಡೆದು, ಟಪ್ ಟಪ್.

ಸೂಜಿ ತೆಗೆದ ಮೇಲೆ ಅವಳು ನನ್ನ ಕಡೆ ತಿರುಗಿದಳು. “ಸದ್ದು ಬಂತಾ?”

“ಇಲ್ಲ,” ಎಂದೆ.

ಅವಳು ನನ್ನ ಮುಖ ನೋಡಿದಳು. “ಸದ್ದು ಬರದೇ ಇದ್ದಿದ್ರೆ ನೀನು ಇಡೀ ಆಸ್ಪತ್ರೆನೇ ಖುಷಿಗೆ ಕುಣೀತು ಅಂತಿದ್ದೆ. ಒಂದೇ ಮಾತಾ ಅತ್ತಿಗೆ?”

ನಾನು ಬಗ್ಗಿ ಮಂಚದ ಕೆಳಗಿಂದ ಅವಳ ಚಪ್ಪಲಿ ಎಳೆದುಕೊಟ್ಟೆ.

ಬಸ್ಸಿಗೆ ಕಾಯುವಾಗ ಅವಳು ಶುರು ಮಾಡಿದಳು. ಮದುವೆಯಾಗಿ ಬಂದ ವರ್ಷ ನಾನು ಒಡೆದ ಗಾಜಿನ ಜಾಡಿಯಿಂದ ಹಿಡಿದು ಬೈಯತೊಡಗಿದಳು. ನಿಂತವರೆಲ್ಲ ತಿರುಗಿ ನೋಡಿದರು. ಬಸ್ಸು ಹತ್ತಿದರೂ ನಿಲ್ಲಿಸಲಿಲ್ಲ. “ಎಲ್ಲಾ ಈಗಲೇ ಬೈದು ಮುಗಿಸ್ತೀನಿ, ಆಮೇಲೆ ಆಗತ್ತೋ ಇಲ್ವೋ,” ಎಂದಳು.

ಅವಳ ಕಿವಿಗೆ ಬಾಯಿಟ್ಟೆ. “ನಿಧಾನವಾಗಿ ಬೈಯೇ. ಇನ್ನೂ ನೂರು ವರ್ಷ ಟೈಮಿದೆ.”