ಗೊಂಚಲು ನನ್ನ ಕೈಗೇ ಕೊಟ್ಟದ್ದು

ನಮ್ಮದು ಬೀಗ ರಿಪೇರಿಯ ಅಂಗಡಿ. ಅಪ್ಪ, ಅಣ್ಣ, ನಾನು, ಮೂವರೂ ಒಂದೇ ಮೇಜಿನ ಮೂರು ಬದಿಗೆ ಕೂತು ಕೆಲಸ ಮಾಡುವವರು. ನಾಲ್ಕನೇ ಬದಿ ಗೋಡೆಗೆ ತಾಗಿದೆ. ಇಲ್ಲದಿದ್ದರೆ ಅಲ್ಲಿಗೂ ಒಬ್ಬ ಜಗಳಗಂಟ ಬಂದು ಕೂರುತ್ತಿದ್ದ.

ಅಣ್ಣ ಹುಟ್ಟಿನಿಂದ ಕ್ಯಾಥೋಲಿಕ್. ನಾನೂ ಹುಟ್ಟಿದ್ದು ಹಾಗೆಯೇ. ಆದರೆ ಪಾಸ್ಟರೊಬ್ಬರ ಮಗಳನ್ನು ಮದುವೆಯಾಗಿ, ಪೋಪ್‌ನನ್ನು ಒಪ್ಪದ ಅವರ ಸಭೆಗೆ ಸೇರಿದೆ. ಹೆಂಡತಿಯ ಸೆರಗು ಹಿಡಿದು ಹೋದ ಎಂದು ಅಣ್ಣ ಹೇಳುತ್ತಾನೆ. ಓದಿ ತಿಳಿದು ಹೋದೆ ಎಂದು ನಾನು ಹೇಳುತ್ತೇನೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ.

ಹನ್ನೊಂದು ವರ್ಷದಿಂದ ನಮ್ಮ ಜಗಳ ಒಂದೇ. ಪೋಪ್‌ಗೆ ಅಧಿಕಾರ ಎಲ್ಲಿಂದ ಬಂತು? ಪರಲೋಕದ ಬೀಗದ ಕೈಗಳನ್ನು ಯೇಸು ಕೊಟ್ಟದ್ದು ತನ್ನ ಶಿಷ್ಯ ಪೇತ್ರನಿಗೆ, ಪೇತ್ರ ರೋಮಿಗೆ ಹೋಗಿ ಅಲ್ಲೇ ಪ್ರಾಣ ಬಿಟ್ಟ, ಅವನ ಪೀಠದಲ್ಲಿ ಕೂತವರಿಗೆಲ್ಲ ಅದೇ ಅಧಿಕಾರ ಇಳಿದು ಬಂದಿದೆ ಎಂಬುದು ಅಣ್ಣನ ವಾದ. ಅದೇ ಸುವಾರ್ತೆಯಲ್ಲಿ ಎರಡು ಅಧ್ಯಾಯ ಮುಂದೆ ಹೋಗಿ ನೋಡು, ಕಟ್ಟುವ ಬಿಚ್ಚುವ ಅಧಿಕಾರ ಎಲ್ಲ ಶಿಷ್ಯರಿಗೂ ಸಿಕ್ಕಿದೆ, ರೋಮಿನ ಬಿಷಪ್ ದೊಡ್ಡವನಾದದ್ದು ರೋಮ್ ರಾಜಧಾನಿಯಾಗಿದ್ದರಿಂದ ಎಂಬುದು ನನ್ನದು.

"ಹಾಗಾದ್ರೆ ಆ ಕಾಲ್ದಲ್ಲಿ ಕೊರಿಂಥದ ಸಭೆಯೋರು ಕಿತ್ತಾಡ್ದಾಗ ರೋಮಿಂದ ಯಾಕೆ ಕಾಗ್ದ ಹೋಯ್ತು?" ಎಂದು ಅಣ್ಣ ಅರ ತಿಕ್ಕುತ್ತಲೇ ಕೇಳುತ್ತಾನೆ.

"ಬುದ್ಧಿ ಹೇಳೋಕೆ ಯಾರು ಬೇಕಾದ್ರೂ ಕಾಗ್ದ ಬರೀಬಹುದು. ಆ ಕಾಗ್ದದಲ್ಲಿ ಬರ್ದೋನ ಹೆಸ್ರೇ ಇಲ್ಲ, ರೋಮಿನ ಸಭೆ ಅಂತ ಇದೆ. ಪೇತ್ರ ತಪ್ಪಿದಾಗ, ಆಮೇಲೆ ಬಂದ ಪೌಲ ಎಲ್ರೆದುರು ಬೈದಿಲ್ವಾ?"

"ಬೈಸ್ಕೊಂಡ ಮಾತ್ರಕ್ಕೆ ದೊಡ್ಡೋನು ಚಿಕ್ಕೋನಾಗಲ್ಲ ವಕೀಲಾ. ನೀನು ದಿನಾ ನನ್ನ ಬೈತೀಯ. ನಾನು ತಮ್ಮ ಆಗ್ಬಿಟ್ನಾ?"

ನಮ್ಮಿಬ್ಬರ ಗಂಟಲು ಏರಿತೆಂದರೆ ಅಪ್ಪ ಕಿವಿಯ ಯಂತ್ರ ಕಳಚಿಟ್ಟು, ಕೀ ಕೊರೆಯುವ ಮಷೀನು ಶುರು ಮಾಡುತ್ತಿದ್ದ. ಅಪ್ಪನಿಗೆ ಕಿವಿ ಮಂದ. ಮಷೀನಿನ ಕರಕರ ಆ ಯಂತ್ರದಲ್ಲಿ ಹತ್ತು ಪಟ್ಟಾಗಿ ಕೇಳುತ್ತದಂತೆ. ಮಷೀನಿನ ಕಾಟವೋ ನಮ್ಮ ಕಾಟವೋ, ಅಂತೂ ಕಳಚಿಡುತ್ತಿದ್ದ.

ಅಪ್ಪನ ಅಂಗಡಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೀ ಕಳೆದುಕೊಂಡವರ ಮನೆಗೆ ಹೋಗಿ ಬೀಗ ಬಿಡಿಸುವ ಕೊಕ್ಕೆಗಳನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿರುತ್ತೇವೆ. ಆ ಪೆಟ್ಟಿಗೆಯ ಕೀ ಅಪ್ಪನ ಸೊಂಟದ ಗೊಂಚಲಿನಲ್ಲಿ ಮಾತ್ರ ಇರುತ್ತದೆ. ಬಂದವರನ್ನು ಅಪ್ಪ ನೋಡಬೇಕು, ನಾಲ್ಕು ಮಾತು ಕೇಳಬೇಕು, ಆಮೇಲೆ ಪೆಟ್ಟಿಗೆ ತೆರೆಯಬೇಕು. ಯಾರ ಬಾಗಿಲು ತೆರೆಯಬಹುದು, ಯಾರದ್ದು ಕೂಡದು ಎಂಬುದು ಅಪ್ಪನ ಮಾತು. ಆ ಮಾತಿನಿಂದಲೇ ನಮ್ಮ ಅಂಗಡಿಗೆ ಮರ್ಯಾದೆ.

ಒಂದು ಮಂಗಳವಾರ ಬೆಳಿಗ್ಗೆ, ನಾವು ವಾದದಲ್ಲಿ ಪೌಲನ ತನಕ ಬಂದಿದ್ದಾಗ, ಅಪ್ಪ ಮಷೀನಿನ ಮುಂದೆಯೇ ಬಲಗಡೆಗೆ ವಾಲಿ ಬಿದ್ದ. ಅಣ್ಣ ಕಂಕುಳಿಗೆ ಕೈ ಕೊಟ್ಟು ಎತ್ತಿದ. ನಾನು ಕಾಲ ಹತ್ತಿರ ನಿಂತು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದೆ. ಆಗ ಅಪ್ಪ ಎಡಗೈಯಲ್ಲಿ ಸೊಂಟದ ಗೊಂಚಲು ಕಿತ್ತು, ನನ್ನ ಕೈಗೆ ತುರುಕಿ, ನನ್ನ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ಆಡಿಸಿದ. ಮಾತು ಬರಲಿಲ್ಲ. ನಾನು ಅಳುತ್ತಾ, "ಆಯ್ತಪ್ಪಾ, ನಾನು ನೋಡ್ಕೋತೀನಿ," ಅಂದೆ.

ಬಲಗೈ ಬಲಗಾಲು ಸೋತಿದ್ದವು. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಅಪ್ಪ ಅಕ್ಕನ ಮನೆಗೆ ಬಂದ. ಕಿವಿಯ ಯಂತ್ರ ಆ ಗಡಿಬಿಡಿಯಲ್ಲಿ ಎಲ್ಲೋ ಬಿದ್ದುಹೋಯಿತು ಎಂದುಕೊಂಡಿದ್ದೆವು. ಹೊಸದಕ್ಕೆ ಹೇಳಿದ್ದೆವು, ಬರುವುದು ಮುಂದಿನ ತಿಂಗಳು. ಏನು ಕೇಳಿದರೂ ಅಪ್ಪ ನಮ್ಮ ಮುಖ ನೋಡಿ, ಆಮೇಲೆ ಗೋಡೆ ನೋಡುತ್ತಿದ್ದ. ಮಾತು, ತಿಳಿವಳಿಕೆ ಎಲ್ಲ ನಿಧಾನಕ್ಕೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು.

ಇತ್ತ ನಾನು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಸುಳ್ಳೇಕೆ ಹೇಳಲಿ, ಅದು ಸೊಂಟದಲ್ಲಿ ಕಿಣಿಕಿಣಿ ಅಂದಾಗ ನನ್ನ ನಡಿಗೆಯೇ ಬದಲಾಗುತ್ತಿತ್ತು. ಮೂರನೇ ವಾರ, ಹಿಂದಿನ ಬೀದಿಯ ಟೀಚರಮ್ಮ ಬಂದು, ಬಾಗಿಲು ಎಳೆದುಕೊಂಡು ಬೀಗ ಬಿದ್ದಿದೆ, ಕೀ ಒಳಗಿದೆ, ಒಲೆ ಉರಿಯುತ್ತಿದೆ ಅಂದರು. ಅಣ್ಣ ಎದ್ದು ಪೆಟ್ಟಿಗೆಗೆ ಕೈ ಚಾಚಿದ. ನಾನು ಗೊಂಚಲ ಮೇಲೆ ಕೈಯಿಟ್ಟೆ.

"ಸ್ವಲ್ಪ ಇರು. ನಾನು ಕೇಳ್ಬೇಕು ಮೊದ್ಲು," ಅಂದೆ.

"ಟೀಚರಮ್ಮನ್ನ ಕೇಳೋದೇನಿದೆ? ನಿಂಗೆ ಅಆಇಈ ಕಲಿಸ್ದೋರು," ಎಂದ ಅಣ್ಣ.

"ನಿಯಮ ನಿಯಮಾನೇ. ಅಪ್ಪ ಗೊಂಚಲು ಕೊಟ್ಟಿದ್ದು ನಂಗೆ."

ನಾನು ಕೇಳಿದೆ. ಟೀಚರಮ್ಮ ಉತ್ತರ ಕೊಟ್ಟರು. ಪೆಟ್ಟಿಗೆ ತೆರೆದೆ. ಅಷ್ಟರಲ್ಲಿ ಅವರ ಒಲೆಯ ಮೇಲಿದ್ದ ಪಾತ್ರೆ ತಳ ಹತ್ತಿತ್ತು, ಅಷ್ಟೇ. ಆದರೆ ಅಣ್ಣನ ಮುಖ ಆ ಪಾತ್ರೆಗಿಂತ ಕಪ್ಪಾಗಿತ್ತು.

"ಅಪ್ಪ ನಿಂಗೆ ಕೊಟ್ಟಿದ್ದು ನಿನ್ನ ಕೈ ಖಾಲಿ ಇತ್ತು ಅಂತ," ಎಂದ. "ನನ್ನ ಎರಡು ಕೈಲೂ ಅಪ್ಪನೇ ಇದ್ದ. ಒಬ್ಬನ ಕೈಗೆ ಕೊಟ್ಟಿದ್ದು ಇಬ್ರಿಗೂ ಕೊಟ್ಟಂಗೆ."

"ಇಬ್ರಿಗೂ ಅಂದ್ರೆ ಇಬ್ರ ಮುಂದೆ ಇಡ್ತಿದ್ದ. ಕೈಗೆ ಕೊಟ್ಟು ಮುಖ ನೋಡಿದ ಅಂದ್ರೆ ಅದು ಒಬ್ಬನಿಗೇ."

"ಅದು ಅಪ್ಪ ಇರೋವರ್ಗೆ ಅಪ್ಪನ ಅಧಿಕಾರ. ಆಮೇಲೆ ಅದು ಇಳ್ದು ಬರುತ್ತೆ ಅಂತ ಯಾರು ಹೇಳಿದ್ರು?"

ಅಣ್ಣ ಆ ಮಾತು ಆಡಿ ಒಂದು ಕ್ಷಣ ತಾನೇ ತಬ್ಬಿಬ್ಬಾದ. ನನಗೂ ಏನೋ ಎಡವಿದಂತಾಯಿತು. ಆದರೆ ಇಬ್ಬರೂ ಹಿಂದೆ ಸರಿಯಲಿಲ್ಲ. ಅಣ್ಣ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಹಾಕಿ, ಸೋಮವಾರದಿಂದ ಬಸ್ ನಿಲ್ದಾಣದ ಬಳಿಯ ಬೀಗದ ಅಂಗಡಿಗೆ ಹೋಗುತ್ತೇನೆ, ಅವರು ಎಷ್ಟೋ ಸಲ ಕರೆದಿದ್ದಾರೆ ಎಂದು ಹೇಳಿ ಹೊರಟೇಬಿಟ್ಟ.

ಮಾರನೇ ದಿನ ನಾನು ಷಟರ್ ಎತ್ತಲಿಲ್ಲ. ಅವನೇ ಮೊದಲು ಬರಲಿ ಎಂಬ ಹಟ. ಅದರ ಮರುದಿನವೂ ಎತ್ತಲಿಲ್ಲ. ಹಟ ಇಳಿದಿತ್ತು, ಆದರೆ ಆ ಮೇಜಿನ ಮುಂದೆ ಒಬ್ಬನೇ ಕೂರಲು ಭಯವಾಯಿತು. ಅಣ್ಣ ನಿಜಕ್ಕೂ ಹೋಗಿಬಿಟ್ಟರೆ? ಆರನೇ ವಯಸ್ಸಿನಲ್ಲಿ ನನ್ನ ಬೆರಳು ಹಿಡಿದು ಅರ ಹಿಡಿಯುವುದನ್ನು ಕಲಿಸಿದವನು ಅವನು.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡು, "ಅಲ್ಲಾರೀ, ನೀವು ಯಾವತ್ತಿಂದ ಕ್ಯಾಥೋಲಿಕ್ ಆದ್ರಿ?" ಅಂದಳು.

"ಅಂದ್ರೆ?"

"ಕೈಗೆ ಕೊಟ್ಟ, ಒಬ್ಬನಿಗೇ ಕೊಟ್ಟ ಅಂತಿದ್ದೀರಲ್ಲ. ಅದು ನಿಮ್ಮಣ್ಣನ ಮಾತು. ಎಲ್ರಿಗೂ ಕೊಟ್ಟಂಗೆ ಅಂತ ಅವ್ರು ಹೇಳ್ತಿರೋದು ನಿಮ್ಮ ಮಾತು. ನೀವಿಬ್ರೂ ಚಪ್ಪಲಿ ಅದಲುಬದಲು ಹಾಕ್ಕೊಂಡು ಓಡಾಡ್ತಿದ್ದೀರಿ."

ಹನ್ನೊಂದು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ? ಗೊಂಚಲು ನನ್ನದೆಂದರೆ ಪೋಪ್ ಸರಿ. ಪೋಪ್ ತಪ್ಪೆಂದರೆ ಗೊಂಚಲು ಅಣ್ಣನದೂ ಹೌದು. ಎರಡನ್ನೂ ಒಟ್ಟಿಗೆ ಗೆಲ್ಲುವ ದಾರಿಯನ್ನು ರಾತ್ರಿಯೆಲ್ಲ ಹುಡುಕಿದೆ. ಸಿಗಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಅಣ್ಣ ಆಗಲೇ ಅಲ್ಲಿದ್ದ, ಅಪ್ಪನ ಬಲಗಾಲಿಗೆ ಎಣ್ಣೆ ತಿಕ್ಕುತ್ತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ಅಕ್ಕನ ಗಂಡ ಪೋಪ್‌ನ ಅಧಿಕಾರಕ್ಕೆ ಸೇರದ ಪೂರ್ವದ ಹಳೆಯ ಸಭೆಯವರು, ನಮ್ಮಿಬ್ಬರ ವಾದವೂ ಅವರಿಗೆ ಹಿಡಿಸದು. "ರೋಮಲ್ಲಾಗ್ಲಿ ಅಂಗಡೀಲಾಗ್ಲಿ, ದೊಡ್ಡೋನಿಗೆ ಮೊದಲನೇ ಕುರ್ಚಿ ಕೊಡಿ, ಆದ್ರೆ ಆ ಕುರ್ಚಿ ಕಾಲು ಮಾತ್ರ ಉದ್ದ ಮಾಡ್ಬೇಡಿ. ನಮ್ಮೋರು ಮೊದ್ಲಿಂದ ಹೇಳೋದು ಇಷ್ಟೇ," ಎಂದರು. ಇದನ್ನು ಕೇಳಿ ನಾವಿಬ್ಬರೂ ಒಟ್ಟಿಗೆ ಅವರ ಮೇಲೆ ಬಿದ್ದೆವು. ನಾಲ್ಕು ದಿನದಲ್ಲಿ ನಾವು ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

"ಅಪ್ಪನ್ನೇ ಕೇಳೋಣ. ಯಾರಿಗೆ ಕೊಟ್ಟೆ ಅಂತ ಅವನೇ ತೋರಿಸ್ಲಿ," ಅಂದೆ.

"ತೋರಿಸ್ಲಿ," ಎಂದ ಅಣ್ಣ, ಎಣ್ಣೆ ಕೈ ಒರೆಸಿಕೊಳ್ಳುತ್ತಾ.

ಗೊಂಚಲು ಬಿಚ್ಚಿ ಅಪ್ಪನ ಮುಂದೆ ಹಿಡಿದೆ. ಅಪ್ಪನ ಕಣ್ಣು ಅರಳಿತು. ಅಷ್ಟು ದಿನದಲ್ಲಿ ನಾನು ಆ ಕಣ್ಣಿನಲ್ಲಿ ಬೆಳಕು ಕಂಡದ್ದು ಅದೇ ಮೊದಲು. ಎಡಗೈಯಿಂದ ಕಿತ್ತುಕೊಂಡು, ತೊಡೆಯ ಮೇಲಿಟ್ಟು, ಹೆಬ್ಬೆರಳಿನಿಂದ ಒಂದೊಂದೇ ಕೀ ಸರಿಸತೊಡಗಿದ. ಷಟರಿನದು, ಕಪಾಟಿನದು, ಕೊಕ್ಕೆ ಪೆಟ್ಟಿಗೆಯದು. ಪೆಟ್ಟಿಗೆಯ ಕೀ ದಾಟಿ ಮುಂದೆ ಹೋದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಕೊನೆಗೆ ಒಂದು ಪುಟ್ಟ ಹಿತ್ತಾಳೆ ಕೀ ಹಿಡಿದು ನನ್ನ ಮುಖದ ಮುಂದೆ ಆಡಿಸಿದ. ಆಮೇಲೆ ಅದನ್ನು ತನ್ನ ಕಿವಿಗೆ ಮುಟ್ಟಿಸಿದ. ಮತ್ತೆ ಆಡಿಸಿದ, ಮತ್ತೆ ಮುಟ್ಟಿಸಿದ.

"ಅದು ಯಾವುದರ ಕೀ?" ಎಂದಳು ಅಕ್ಕ.

ಅಪ್ಪ ಕೂರುವ ಬದಿಯಲ್ಲಿ, ಮೇಜಿನ ಕೆಳಗಿನ ಡ್ರಾಯರಿನದು. ಗೊಂಚಲು ಹಿಡಿದು ನಾವಿಬ್ಬರೂ ಅಂಗಡಿಗೆ ಓಡಿದೆವು. ಷಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗಿದೆವು. ಡ್ರಾಯರಿನಲ್ಲಿ ಸ್ಪ್ರಿಂಗ್ ಇಡುವ ತಗಡಿನ ಡಬ್ಬಿ, ಅದರಲ್ಲಿ ಹತ್ತಿ, ಹತ್ತಿಯ ಮೇಲೆ ಕಿವಿಯ ಯಂತ್ರ. ಕಬ್ಬಿಣದ ಪುಡಿ ತಾಗದಿರಲೆಂದು ಅಪ್ಪ ದಿನವೂ ಅಲ್ಲಿಟ್ಟು ಬೀಗ ಹಾಕುತ್ತಿದ್ದನಂತೆ. ಹನ್ನೊಂದು ವರ್ಷ ಎದುರೇ ಕೂತಿದ್ದರೂ ನಾವು ವಾದ ಬಿಟ್ಟು ತಲೆಯೆತ್ತಿ ನೋಡಿರಲಿಲ್ಲ.

ಅದನ್ನು ಹಿಡಿದು ಮರಳಿ ಬಂದಾಗ ಅಕ್ಕ ಹೊಸ ಬ್ಯಾಟರಿ ಹಾಕಿದಳು. ಅಣ್ಣ ಅದನ್ನು ಅಪ್ಪನ ಕಿವಿಗೆ ಕೂರಿಸಿದ. ಅಪ್ಪ ಫ್ಯಾನಿನ ಸದ್ದಿಗೆ ಮೇಲೆ ನೋಡಿದ. ಅಡುಗೆಮನೆಯ ನಲ್ಲಿಯ ಸದ್ದಿಗೆ ಆ ಕಡೆ ತಿರುಗಿದ. ಆಮೇಲೆ ನಮ್ಮಿಬ್ಬರನ್ನೂ ನೋಡಿ, ತೊದಲುತ್ತಾ, ಒಂದೊಂದೇ ಮಾತು ಎತ್ತಿಟ್ಟಂತೆ ಕೇಳಿದ.

"ಅಂಗಡಿ... ಬಾಗ್ಲು... ತೆಗ್ದಿದ್ದೀರಾ?"

ಅವನಿಗೆ ತಿಳಿವಳಿಕೆ ಹೋಗಿರಲಿಲ್ಲ. ಇಷ್ಟು ದಿನ ಯಾರ ಮಾತೂ ಕೇಳಿಸದೆ ಗೋಡೆ ನೋಡುತ್ತಿದ್ದ. ನನ್ನ ಸೊಂಟದಲ್ಲಿ ಆ ಡ್ರಾಯರಿನ ಕೀ ಕಿಣಿಕಿಣಿ ಅನ್ನುತ್ತಿತ್ತು. ನಾಚಿಕೆಯಿಂದ ನನಗೆ ಅಳು ಬಂತು.

"ಈಗ ಹೊರಟ್ರು ಮಾವ," ಎಂದರು ಭಾವ, ನಮ್ಮಿಬ್ಬರನ್ನೂ ಬಾಗಿಲ ಕಡೆ ತಳ್ಳುತ್ತಾ.

ದಾರಿಯುದ್ದಕ್ಕೂ ಅಣ್ಣ ಬೈಯಲಿ ಎಂದು ಕಾದೆ, ಬೈಯಲಿಲ್ಲ. ಅಂಗಡಿಯ ಮುಂದೆ ಬಂದಾಗ ನಿಂತ.

"ಅವತ್ತು ನನ್ನ ಕೈ ಖಾಲಿ ಇದ್ದು, ಅಪ್ಪ ಗೊಂಚಲು ನಂಗೇ ಕೊಟ್ಟಿದ್ರೂ," ಎಂದ, "ನಾನೂ ಆ ಡ್ರಾಯರ್ ತೆಗೀತಿರ್ಲಿಲ್ಲ ಕಣೋ. ನಾನೂ ಸೊಂಟಕ್ಕೇ ಸಿಕ್ಕಿಸ್ಕೋತಿದ್ದೆ."

ಬಗ್ಗಿ ಷಟರಿನ ಬೀಗ ತೆಗೆದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

"ಹಾಗಾದ್ರೆ ಪೇತ್ರನಿಗೆ ಕೊಟ್ಟಿದ್ದು ಯಾತಕ್ಕೆ ಅಂತೀಯಾ?" ಅಂದೆ.

ಅಣ್ಣ ಬಗ್ಗಿ ಷಟರಿನ ಒಂದು ತುದಿ ಹಿಡಿದ.

"ಗೊತ್ತಿಲ್ಲ ಮಾರಾಯಾ. ನೀನು ಆ ಕಡೆ ಹಿಡಿ," ಅಂದ.