ಹೊಟ್ಟೆ ಬಿಟ್ಟ ಪ್ಯಾಕೆಟ್ಟುಗಳು

ಸೋಮವಾರ ಬೆಳಗ್ಗೆ ಫ್ರೀಜರಿನ ಬಾಗಿಲು ತೆಗೆದ ಸೊಸೆ ಹಾಗೇ ನಿಂತುಬಿಟ್ಟಳು. ಒಳಗೆ ಏನೂ ಕಡಿಮೆಯಾಗಿರಲಿಲ್ಲ. ಇಪ್ಪತ್ತಾರು ಪ್ಯಾಕೆಟ್ ಎದೆಹಾಲು, ಒಂದೊಂದರ ಮೇಲೂ ಅವಳದೇ ಕೈಬರಹದಲ್ಲಿ ತಾರೀಖು, ಮುಟ್ಟಿದರೆ ಕಲ್ಲಿನಷ್ಟು ಗಟ್ಟಿ. ಆದರೆ ಅವಳು ಇಟ್ಟಿದ್ದ ಆಕಾರದಲ್ಲಿ ಒಂದೂ ಇರಲಿಲ್ಲ.

ಅವಳ ಕ್ರಮವೇ ಬೇರೆ. ಹಾಲು ತುಂಬಿದ ಪ್ಯಾಕೆಟ್ಟನ್ನು ಮೊದಲು ಸ್ಟೀಲ್ ತಟ್ಟೆಯ ಮೇಲೆ ಮಲಗಿಸಿ, ಸ್ಲೇಟಿನಂತೆ ಚಪ್ಪಟೆಯಾಗಿ ಗಟ್ಟಿಯಾಗಲು ಬಿಡುತ್ತಿದ್ದಳು. ಆಮೇಲೆ ಡಬ್ಬಿಯೊಳಗೆ ಪುಸ್ತಕ ಜೋಡಿಸಿದ ಹಾಗೆ ಸಾಲಾಗಿ ನಿಲ್ಲಿಸುತ್ತಿದ್ದಳು. ಈಗ ಆ ಪ್ಯಾಕೆಟ್ಟುಗಳೆಲ್ಲ ಮೇಲೆ ಬಡಕಲಾಗಿ, ಕೆಳಗೆ ಹೊಟ್ಟೆ ಬಿಟ್ಟುಕೊಂಡು, ಒಂದಕ್ಕೊಂದು ಅಂಟಿ ನಿಂತಿದ್ದವು. ಹಾಲು ನಿಂತಲ್ಲೇ ಕರಗಿ, ಕೆಳಗಿಳಿದು, ಮತ್ತೆ ಗಟ್ಟಿಯಾಗಿತ್ತು.

ಬೇರೆಯವರಾಗಿದ್ದರೆ ಇದನ್ನು ಗಮನಿಸುತ್ತಲೇ ಇರಲಿಲ್ಲ. ಇವಳು ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಮಾಡುವವಳು. ದಿನಕ್ಕೆ ನೂರಾರು ಶರ್ಟು ತಿರುವಿ, ಹೊಲಿಗೆ ತಪ್ಪಿದ ಕಡೆ, ಗುಂಡಿ ಸಡಿಲವಾದ ಕಡೆ ಸಣ್ಣ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದೇ ಅವಳ ಕೆಲಸ. ಅಲ್ಲಿನ ಸೂಪರ್‌ವೈಸರನ್ನು ಎಲ್ಲರೂ ಬೆನ್ನ ಹಿಂದೆ ಸೂಜಿಗಣ್ಣಿ ಅನ್ನುತ್ತಾರೆ. ಸೂಜಿಗಣ್ಣಿ ಹೇಳುವುದು ಒಂದೇ ಮಾತು: "ಅನುಮಾನ ಬಂದ್ರೆ ಪಕ್ಕಕ್ಕಿಡಿ. ಕೈಯಲ್ಲಿ ಹಿಡ್ಕೊಂಡು ಯೋಚನೆ ಮಾಡ್ತಾ ಕೂರ್ಬೇಡಿ."

ಸೊಸೆ ಕೈಯಲ್ಲಿ ಹಿಡಿದುಕೊಂಡು ಯೋಚನೆ ಮಾಡುತ್ತಲೇ ನಿಂತಳು. ನಾಳೆ ಬೆಳಗ್ಗೆ ಹೆರಿಗೆ ರಜೆ ಮುಗಿಯುತ್ತದೆ. ಐದು ತಿಂಗಳ ಗುಂಡಣ್ಣ ಮನೆಯಲ್ಲಿ ಅಜ್ಜಿಯ ಹತ್ತಿರ ಇರಬೇಕು, ಅವನ ಹೊಟ್ಟೆಗೆ ಈ ಹಾಲೇ ಆಗಬೇಕು. ಇದಕ್ಕಾಗಿ ಮೂರು ವಾರ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಮಗು ಒಂದು ಕಡೆ ಕುಡಿಯುತ್ತಿದ್ದರೆ ಇನ್ನೊಂದು ಕಡೆ ಹಾಲು ಹಿಂಡುವ ಪಂಪು. ಊಟಕ್ಕೆ ಕೂತರೆ ಪಂಪು, ಕಣ್ಣು ಹತ್ತಿದರೆ ಪಂಪು. ಎಷ್ಟೋ ಸಲ ಬಾಟಲಿಯ ತಳ ಮುಚ್ಚುವಷ್ಟೂ ಬರದೆ ಅವಳು ಅತ್ತಿದ್ದುಂಟು. ಅಕ್ಕ ತಂದುಕೊಟ್ಟಿದ್ದ ಪುಡಿಹಾಲಿನ ಡಬ್ಬವನ್ನು ಹಟದಿಂದ ಅಟ್ಟಕ್ಕೆ ಏರಿಸಿ, ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

"ಅತ್ತೆ, ಕರೆಂಟ್ ಏನಾದ್ರೂ ಹೋಗಿತ್ತಾ?"

ಅತ್ತೆ ನಡುಮನೆಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಹೂಂ, ನಿನ್ನೆ ಸಂಜೆ ಒಂದು ಅರ್ಧ ಗಂಟೆ ಹೋಗಿತ್ತು ಅನ್ಸುತ್ತೆ. ನೀನು ಮಗು ಮಲಗಿಸ್ತಾ ಇದ್ದೆ."

ಅರ್ಧ ಗಂಟೆಗೆ ಫ್ರೀಜರು ಬೆವರುವುದೂ ಇಲ್ಲ. ಅದು ಸೊಸೆಗೆ ಗೊತ್ತಿತ್ತು, ಅತ್ತೆಗೂ ಗೊತ್ತಿರಬೇಕು.

ಶನಿವಾರ ಬೆಳಗ್ಗೆ ಅತ್ತೆ, ಸೊಸೆ, ಮಗು ಮೂವರೂ ನಾದಿನಿಯ ಮನೆಗೆ ಹೋಗಿ, ಭಾನುವಾರ ಸಂಜೆ ವಾಪಸು ಬಂದಿದ್ದರು. ಮನೆಯಿಂದ ಯಾವತ್ತೂ ಕೊನೆಯಲ್ಲಿ ಹೊರಬೀಳುವವರು ಅತ್ತೆ. ಗ್ಯಾಸು, ನಲ್ಲಿ, ಕಿಟಕಿ, ಸ್ವಿಚ್ಚು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ ಬೀಗ ಹಾಕದಿದ್ದರೆ ಅವರಿಗೆ ಬಸ್ಸಿನಲ್ಲಿ ಕೂತರೂ ಸಮಾಧಾನವಿಲ್ಲ. ಸೊಸೆಯ ಕಣ್ಣು ತಾನಾಗಿಯೇ ಬಾಲ್ಕನಿಯ ಹಗ್ಗಕ್ಕೆ ಹೋಯಿತು. ನೆಲ ಒರೆಸುವ ಬಟ್ಟೆ ಅಲ್ಲಿ ಇನ್ನೂ ಒದ್ದೆಯಾಗಿ ನೇತಾಡುತ್ತಿತ್ತು. ಫ್ರಿಜ್ಜಿನ ಮುಂದಿನ ನಾಲ್ಕು ಟೈಲ್ಸು ಮಾತ್ರ ಉಳಿದವಕ್ಕಿಂತ ಬೆಳ್ಳಗಿದ್ದವು. ಅಲ್ಲಿ ಮಾತ್ರ ಯಾರೋ ನೀರು ಒರೆಸಿದ್ದರು.

ರೂಮಿಗೆ ಹೋಗಿ ಗಂಡನಿಗೆ ಫೋನ್ ಮಾಡಿದಳು. ಅವನು ಲಾರಿ ಡ್ರೈವರು, ಎಲ್ಲೋ ಹೆದ್ದಾರಿಯಲ್ಲಿದ್ದ.

"ಮೂಸಿ ನೋಡು. ವಾಸನೆ ಇಲ್ಲ ಅಂದ್ರೆ ಕೊಡು. ನಾನು ದಾರೀಲಿ ಏನೇನೋ ತಿಂತೀನಿ, ಸತ್ನಾ?"

"ನೀವು ಐದು ತಿಂಗಳ ಮಗುನಾ?"

"ನಿನ್ನ ಪ್ರಕಾರ ಅಷ್ಟೇ ಅಲ್ವಾ," ಎಂದು ಅವನು ನಕ್ಕ. ಇವಳು ನಗಲಿಲ್ಲ, ಫೋನಿಟ್ಟಳು.

ಆಮೇಲೆ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಮಕ್ಕಳ ವಾರ್ಡಿನಲ್ಲಿ ನರ್ಸು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವಳಿಗಿಲ್ಲ. "ಮೆತ್ತಗಾಗಿದ್ರೂ ಒಳಗೆ ಐಸು ಉಳಿದಿತ್ತು ಅಂದ್ರೆ, ಮತ್ತೆ ಗಟ್ಟಿಯಾಗಿದ್ದು ಪರವಾಗಿಲ್ಲ. ಪೂರ್ತಿ ನೀರಾಗಿ, ತಣ್ಣಗಿದ್ದದ್ದೂ ಹೋಗಿತ್ತು ಅಂದ್ರೆ ಚೆಲ್ಲು. ಮತ್ತೆ ಗಟ್ಟಿಯಾದ ಮಾತ್ರಕ್ಕೆ ಕೆಟ್ಟದ್ದು ಒಳ್ಳೇದಾಗಲ್ಲ. ಮೂಸಿದ್ರೂ ಗೊತ್ತಾಗಲ್ಲ, ರುಚಿ ನೋಡಿದ್ರೂ ಗೊತ್ತಾಗಲ್ಲ. ಎಷ್ಟು ಹೊತ್ತು ಆಫ್ ಆಗಿತ್ತು, ಅದನ್ನ ಹೇಳು."

"ಗೊತ್ತಿಲ್ಲ."

"ಯಾರಿಗೆ ಗೊತ್ತೋ ಅವರನ್ನ ಕೇಳು."

ಹೇಳುವುದು ಸುಲಭ. ಸೊಸೆ ರೂಮಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಓಡಾಡಿದಳು. ಕೈಗೆ ಸಿಕ್ಕಿದ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಅತ್ತೆಯ ಮಾತು ನಂಬಿದರೆ ಆ ಹಾಲು ಮಗುವಿನ ಬಾಯಿಗೆ ಹೋಗುತ್ತದೆ. ನಂಬದಿದ್ದರೆ ಅತ್ತೆ ಸುಳ್ಳು ಹೇಳುತ್ತಾರೆ ಎಂದಾಯಿತು, ಮತ್ತು ಸುಳ್ಳು ಹೇಳುವವರ ಮಡಿಲಲ್ಲಿ ಮಗುವನ್ನು ಹಾಕಿ ನಾಳೆ ಎಂಟು ಗಂಟೆಗೆ ಬಸ್ಸು ಹತ್ತಬೇಕು. ಹಾಲು ಹೋದರೆ ಹೋಗಲಿ ಅನ್ನಬಹುದು. ಆದರೆ ಇವತ್ತು ಹಾಲಿನ ವಿಷಯದಲ್ಲಿ ಮುಚ್ಚಿಟ್ಟವರು ನಾಳೆ ಮಗು ಮಂಚದಿಂದ ಬಿದ್ದರೆ ಹೇಳುತ್ತಾರೆಯೇ? ಶರ್ಟಾದರೆ ಪಕ್ಕಕ್ಕಿಡಬಹುದು. ಅತ್ತೆಯನ್ನು ಎಲ್ಲಿಡುವುದು?

ಮತ್ತೊಮ್ಮೆ ಬಾಗಿಲಲ್ಲಿ ನಿಂತು ಕೇಳಿದಳು. "ಅರ್ಧ ಗಂಟೇನೇನಾ ಅತ್ತೆ? ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಎಷ್ಟು ಸಲ ಕೇಳ್ತೀಯಮ್ಮ," ಎಂದರು ಅತ್ತೆ. ಒಂದು ಪುಟ್ಟ ಅಂಗಿಯನ್ನು ಅವರು ಆಗಿನಿಂದ ಮಡಿಸುತ್ತಲೇ ಇದ್ದರು.

ಹನ್ನೊಂದು ಗಂಟೆಗೆ ಗುಂಡಣ್ಣ ಎದ್ದು ರಾಗ ತೆಗೆದ. ಸೊಸೆ ಒಂದು ಪ್ಯಾಕೆಟ್ಟನ್ನು ಕಿತ್ತು, ಬಿಸಿನೀರಿನ ಬಟ್ಟಲಲ್ಲಿ ಇಳಿಬಿಟ್ಟಳು. ಹಾಲು ಕರಗಿತು. ಮೂಸಿದಳು, ಹಾಲಿನ ವಾಸನೆ. ಬೆರಳಿಗೆ ಹಚ್ಚಿ ನೆಕ್ಕಿದಳು, ತೆಳ್ಳಗಿನ ಸಿಹಿ. ಒಂದು ಚೂರು ಹುಳಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು, ತೀರ್ಮಾನ ತಾನಾಗಿಯೇ ಆಗಿಬಿಡುತ್ತಿತ್ತು. ಬಾಟಲಿಗೆ ಸುರಿದು ನಡುಮನೆಗೆ ಬಂದು ಅತ್ತೆಯ ಕೈಗೆ ಕೊಟ್ಟಳು.

"ಫ್ರೀಜರಿಂದ ತೆಗೆದಿದ್ದು. ನೀವೇ ಕುಡಿಸಿ. ನಾಳೆಗೆ ಅಭ್ಯಾಸ ಆಗಲಿ."

ಇದು ಪರೀಕ್ಷೆಯೇ, ಅಲ್ಲವೇ? ಕೇಳಿದರೆ ಅವಳು ಅಲ್ಲ ಅನ್ನುತ್ತಾಳೆ. ಅತ್ತೆ ಕುಡಿಸಿಬಿಟ್ಟಿದ್ದರೆ ತಡೆಯುತ್ತಿದ್ದೆ, ಕೈ ಮುಂದೆ ಚಾಚಿಕೊಂಡೇ ನಿಂತಿದ್ದೆ ಎಂದು ಇವತ್ತಿಗೂ ಆಣೆ ಮಾಡುತ್ತಾಳೆ. ನಂಬೋಣ. ನಂಬದೆ ಇನ್ನೇನು ಮಾಡುವುದು, ಅವಳು ತಾಯಿ.

ಅತ್ತೆ ಮಗುವನ್ನು ಮಡಿಲಿಗೆ ಎಳೆದುಕೊಂಡರು. ಬಾಟಲಿ ಕಂಡ ಗುಂಡಣ್ಣ ಅಳು ನಿಲ್ಲಿಸಿ, ಎರಡೂ ಕಾಲು ಆಡಿಸುತ್ತ ಬಾಯಿ ತೆರೆದ. ಬಾಟಲಿ ಅವನ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಅವನು ಕತ್ತು ಮುಂದೆ ಮಾಡಿದ, ಬಾಟಲಿ ಹಿಂದೆ ಹೋಯಿತು. ಅವನಿಗೆ ಸಿಟ್ಟು ನೆತ್ತಿಗೇರಿ ಮುಖ ಕೆಂಪಾಯಿತು.

"ಇದು ಬೇಡಮ್ಮ," ಎಂದರು ಅತ್ತೆ.

ಸೊಸೆ ಬಾಟಲಿಯನ್ನು ಅವರ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಕರೆಂಟ್ ಹೋಗಿರ್ಲಿಲ್ಲ. ಶನಿವಾರ ಹೊರಡೋವಾಗ ಎಲ್ಲಾ ಸ್ವಿಚ್ ಆಫ್ ಮಾಡ್ತಾ ಬಂದ್ನಲ್ಲ, ಅದನ್ನೂ ಆಫ್ ಮಾಡಿಬಿಟ್ಟಿದ್ದೆ. ನಿನ್ನೆ ಬಂದು ನೋಡಿದ್ರೆ ನೆಲದ ತುಂಬಾ ನೀರು. ಪ್ಯಾಕೆಟ್ ಮುಟ್ಟಿ ನೋಡ್ದೆ, ಪೂರ್ತಿ ನೀರಾಗಿತ್ತು, ತಣ್ಣಗೂ ಇರ್ಲಿಲ್ಲ. ಸ್ವಿಚ್ ಹಾಕ್ದೆ. ಮತ್ತೆ ಗಟ್ಟಿಯಾದ್ರೆ ಸರಿಹೋಗುತ್ತೆ ಅಂತ..." ಅವರು ಅಲ್ಲಿಗೆ ನಿಲ್ಲಿಸಿ, ತಾವೇ ತಿದ್ದಿಕೊಂಡರು. "ಇಲ್ಲ, ಹಾಗೇನೂ ಅಂದ್ಕೊಂಡಿರ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ, ಅಷ್ಟೇ."

"ಬೆಳಗ್ಗೆ ಎರಡು ಸಲ ಕೇಳಿದ್ನಲ್ಲ ಅತ್ತೆ."

"ಕೇಳ್ದೆ. ಒಂದು ಫ್ರಿಜ್ ನೋಡ್ಕೊಳ್ಳೋಕೆ ಆಗ್ದಿದ್ದೋಳು ಮಗು ಏನು ನೋಡ್ಕೋತಾಳೆ ಅಂತ ನಿನಗೆ ಅನ್ಸಲ್ವಾ? ಅದಕ್ಕೇ ಹೆದರಿದ್ದೆ."

ಸೊಸೆ ಮಗುವನ್ನು ಎತ್ತಿಕೊಂಡು ಎದೆಗೆ ಹಚ್ಚಿಕೊಂಡಳು. ಅವಳಿಗೆ ಕೆಂಡದಂಥ ಕೋಪ ಬಂದಿತ್ತು, ಬೈಯಲು ಮಾತುಗಳೂ ಸಾಲುಗಟ್ಟಿ ನಿಂತಿದ್ದವು. ಆದರೆ ಆ ನಾಲ್ಕು ಬೆರಳಿನ ದೂರ ಕಣ್ಣಿಗೆ ಕಟ್ಟಿಕೊಂಡು, ಒಂದು ಮಾತೂ ಹೊರಗೆ ಬರಲಿಲ್ಲ. ಅತ್ತೆ ಬಾಯಿ ಮುಚ್ಚಿಕೊಂಡು ಕುಡಿಸಿಬಿಟ್ಟಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು.

ಮಗು ಮಲಗಿದ ಮೇಲೆ ಇಬ್ಬರೂ ಸಿಂಕಿನ ಮುಂದೆ ನಿಂತರು. ಸೊಸೆ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಬಿಡಿಸಿ, ಕತ್ತರಿಯಿಂದ ತುದಿ ಕತ್ತರಿಸಿ ಕೊಟ್ಟಳು. ಅತ್ತೆ ಬಿಸಿನೀರು ಹಾಕಿ ಕರಗಿಸಿ ಸುರಿದರು. ಮೊದಲ ದಿನದ ಪ್ಯಾಕೆಟ್ ಕೈಗೆ ಬಂದಾಗ ಸೊಸೆ ತಡೆಯಲಾರದೆ ಬಿಕ್ಕಿದಳು. ಅದರಲ್ಲಿ ಇದ್ದದ್ದು ಎರಡು ಗುಟುಕು. ಅತ್ತೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಬೆನ್ನು ತಿರುಗಿಸಿ, ಅವಳಿಗೆ ಕಾಣದ ಹಾಗೆ ಚೆಲ್ಲಿದರು.

ಕೊನೆಗೆ ಸಿಂಕು ತೊಳೆಯುತ್ತ, ನಲ್ಲಿಯ ಸದ್ದಿನಲ್ಲಿ ಕೇಳಿಯೂ ಕೇಳಿಸದ ಹಾಗೆ ಅತ್ತೆ ಕೇಳಿದರು. "ನಾಳೆ ಮಗೂನ ಯಾರ ಹತ್ರ ಬಿಡ್ತೀಯಾ?"

ಸೊಸೆ ಸ್ಟೂಲು ಎಳೆದು, ಹತ್ತಿ, ಅಟ್ಟದಿಂದ ಪುಡಿಹಾಲಿನ ಡಬ್ಬ ಇಳಿಸಿದಳು. ಸೆರಗಿನಲ್ಲಿ ಧೂಳು ಒರೆಸಿ, ಸೀಲು ಕಿತ್ತು, ಒಳಗಿದ್ದ ಚಮಚವನ್ನು ಅತ್ತೆಯ ಕೈಗಿಟ್ಟಳು.

"ಮೊದಲು ಕುದಿಸಿದ ನೀರು ಅಳೆದು ಹಾಕ್ಬೇಕು, ಆಮೇಲೆ ಪುಡಿ. ಚಮಚದ ಅಂಚಿಗೆ ಸಮ ಇರ್ಬೇಕು, ಗುಡ್ಡೆ ಬೇಡ. ಮಿಕ್ಕಿದ್ದು ಎತ್ತಿಡಬೇಡಿ, ಚೆಲ್ಲಿಬಿಡಿ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನಗೆ ಫೋನ್ ಮಾಡಿ. ಏನೇ ಆದ್ರೂ."

ಅತ್ತೆ ಚಮಚ ಹಿಡಿದುಕೊಂಡೇ ಸೀರೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಇನ್ನೊಂದ್ಸಲ ಹೇಳು," ಎಂದರು. "ಮೊದಲು ನೀರು. ಆಮೇಲೆ?"