ಕಲ್ಲು ಕೊಟ್ಟೆ, ಕೂಸು ಕೊಡು

ನಾನು ಹಾಲಮ್ಮನ ಮನೆಯ ಗುಂಡುಕಲ್ಲು. ಒರಳಿನಲ್ಲಿ ಕೂತು ಅಕ್ಕಿ, ಉದ್ದು ರುಬ್ಬುತ್ತಿದ್ದವನು. ಬೀದಿಯ ಹೆಂಗಸರು ನನ್ನನ್ನು ಗುಂಡಪ್ಪ ಎಂದೂ ಕರೆಯುತ್ತಿದ್ದರು. ಅದರ ಹಿಂದೆ ಒಂದು ಕತೆಯಿದೆ, ಹೇಳುತ್ತೇನೆ. ಕಲ್ಲಿಗೆಲ್ಲಿ ಕಿವಿ ಎಂದುಕೊಂಡು ಅವರು ನನ್ನ ಎದುರಿಗೆ ಆಡದ ಮಾತಿಲ್ಲ. ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದೇನೆ. ಸುಮ್ಮನಿರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಬಿಡಿ.

ನಾನು ಗುಡ್ಡದವನು. ಗುಡ್ಡ ಇದ್ದಾಗಿನಿಂದ ನಾನೂ ಅದರೊಳಗೆ ಇದ್ದೆ, ಒಬ್ಬ ಕಲ್ಲುಕುಟಿಗ ಉಳಿ ಹಿಡಿದು ನನ್ನನ್ನು ಬಿಡಿಸಿದ, ಅಷ್ಟೇ. ಬಿಡಿಸುವಾಗ ಅವನ ಕೈ ಜಾರಿ ನನ್ನ ಒಂದು ಮಗ್ಗುಲು ಚಪ್ಪಟೆಯಾಯಿತು. "ಇಂಥಾ ಸೊಟ್ಟ ಕಲ್ಲನ್ನ ಯಾರ್ ತಗಂತಾರೆ?" ಎಂದು ಅವನ ಹೆಂಡತಿ ಬೈದಳು. ತೆಗೆದುಕೊಂಡವಳು ಹಾಲಮ್ಮನ ತಾಯಿ. ಮಗಳ ಮದುವೆಗೆ ಪಾತ್ರೆ ಪಗಡದ ಜೊತೆ ನನ್ನನ್ನೂ ಒರಳನ್ನೂ ಗಾಡಿಗೆ ಹೇರಿಸಿದಳು. ಹಾಗೆ ನಾನು ದಾವಣಗೆರೆಗೆ ಬಂದೆ, ಹಳೇ ಬಟ್ಟೆ ಗಿರಣಿಯ ಹಿಂದಿನ ಬೀದಿಗೆ.

ಹಾಲಮ್ಮನ ಗಂಡ ಕೊಟ್ರಪ್ಪ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದ. ಮನೆಗೆ ಬಂದರೆ ಮೈಯೆಲ್ಲ ಹೊಗೆ, ಹುರಿದ ಭತ್ತದ ವಾಸನೆ. ಮಾತು ಕಡಿಮೆ, ಮನಸ್ಸು ಮೆತ್ತಗೆ. ಹಾಲಮ್ಮ ಮಾತ್ರ ಪಟಪಟ ಮಾತಿನವಳು. ನನ್ನನ್ನು ತಿರುಗಿಸುತ್ತಾ ಹಾಡುತ್ತಿದ್ದಳು, ಬೈಯುತ್ತಿದ್ದಳು, ತವರನ್ನು ನೆನೆಯುತ್ತಿದ್ದಳು. ವರ್ಷಗಳು ಕಳೆದ ಹಾಗೆ ಹಾಡು ಕಡಿಮೆಯಾಯಿತು. ಮನೆಯಲ್ಲಿ ಇಬ್ಬರೇ ಇದ್ದರು, ಇಬ್ಬರೇ ಉಳಿದರು. ಇಬ್ಬರಿಗೆ ಎಷ್ಟು ಹಿಟ್ಟು ಬೇಕು? ನನ್ನ ಕೆಲಸವೂ ಬೇಗ ಮುಗಿಯುತ್ತಿತ್ತು.

ಆಮೇಲೆ ಮಿಕ್ಸಿ ಬಂತು. ಬೀದಿಯ ಎಲ್ಲ ಮನೆಗಳಲ್ಲೂ ನೆಲ ಅಗೆದು, ಒರಳು ಕಿತ್ತು, ಟೈಲ್ಸ್ ಹಾಕಿಸಿದರು. ನನ್ನ ಒರಳನ್ನೂ ಕಿತ್ತು ಎಲ್ಲಿಗೋ ಸಾಗಿಸಿದರು. ಆ ದಿನದ ವಿಷಯ ಎತ್ತಬೇಡಿ, ಈಗಲೂ ಸಂಕಟವಾಗುತ್ತದೆ. ನನ್ನನ್ನು ಮಾತ್ರ ಹಾಲಮ್ಮ ಬಿಡಲಿಲ್ಲ. "ಅವ್ವ ಕೊಟ್ಟಿದ್ದು, ಇರ್ಲಿ" ಎಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟುಕೊಂಡಳು.

ಕೆಲಸ ಹೋಯಿತು ಎಂದುಕೊಂಡೆ. ಹೊಸ ಕೆಲಸ ತಾನಾಗಿ ಹುಡುಕಿಕೊಂಡು ಬಂತು. ತೊಟ್ಟಿಲು ಶಾಸ್ತ್ರ ಗೊತ್ತಲ್ಲ? ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಕುಲಾವಿ ಹಾಕಿ, ಕಾಡಿಗೆ ಬೊಟ್ಟಿಟ್ಟು, ಅದನ್ನೇ ಒಂದು ಸಲ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ತೊಟ್ಟಿಲಿನ ಆಚೆಗೊಬ್ಬಳು, ಈಚೆಗೊಬ್ಬಳು ಹೆಂಗಸು ಕೂತು, ಕೆಳಗಿನಿಂದ ಕಲ್ಲು ದಾಟಿಸುತ್ತಾರೆ. ಒಬ್ಬಳು "ಕಲ್ಲು ಕೊಟ್ಟೆ, ಕೂಸು ಕೊಡು" ಅನ್ನಬೇಕು. ಇನ್ನೊಬ್ಬಳು "ಕಲ್ಲು ತಗೊಂಡೆ, ಕೂಸು ಕೊಟ್ಟೆ" ಅನ್ನಬೇಕು. ಮಿಕ್ಸಿ ಇಟ್ಟುಕೊಂಡ ಬೀದಿಯಲ್ಲಿ ಗುಂಡುಕಲ್ಲು ಉಳಿದಿದ್ದು ನಾನೊಬ್ಬನೇ. ಅದರ ಮೇಲೆ ನನ್ನ ಚಪ್ಪಟೆ ಮಗ್ಗುಲು! ತೊಟ್ಟಿಲಲ್ಲಿ ಇಟ್ಟರೆ ಉರುಳುವುದಿಲ್ಲ. ಹೆಸರೇ ಬಿತ್ತು, ಗುಂಡಪ್ಪ.

"ಹಾಲಮ್ಮಕ್ಕ, ನಿಮ್ ಗುಂಡಪ್ಪನ್ನ ಒಂದಿನ ಕೊಡ್ರಿ" ಎಂದು ಮೊದಲು ಬಂದವಳು ಪಕ್ಕದ ಮನೆ ನೀಲಮ್ಮ. ಹಾಲಮ್ಮ ನನ್ನನ್ನು ಕೂಸಿನಂತೆ ಎರೆದು, ಹರಳೆಣ್ಣೆ ಹಚ್ಚಿ, ಕೆನ್ನೆಗೊಂದು ಕಾಡಿಗೆ ಚುಕ್ಕೆಯಿಟ್ಟು ಕಳಿಸಿದಳು. ನನ್ನ ನಂತರ ಆ ತೊಟ್ಟಿಲಲ್ಲಿ ಮಲಗಿದ್ದು ನೀಲಮ್ಮನ ಮಗಳು ವಿಮಲಾಕ್ಷಿ. ಹೆಸರು ನೆನಪಿರಲಿ, ಮುಂದೆ ಬರುತ್ತಾಳೆ.

ಅಲ್ಲಿಂದಾಚೆ ಆ ಬೀದಿಯ ತೊಟ್ಟಿಲುಗಳಲ್ಲೆಲ್ಲ ನಾನು ಮಲಗಿದೆ. ಎಲ್ಲ ಮನೆಯ ಜೋಗುಳ ಕೇಳಿದೆ. ಶಾಸ್ತ್ರ ಮುಗಿದ ಮೇಲೆ ಒಂದು ಬಟ್ಟಲು ಗುಗ್ಗರಿಯ ಜೊತೆ ನನ್ನನ್ನು ಹಿತ್ತಲಿಗೆ ತಂದಿಡುತ್ತಿದ್ದರು. ಹಾಲಮ್ಮನಿಗೂ ಕರೆ ಇರುತ್ತಿತ್ತು, "ಊಟಕ್ಕೆ ಬರ್ರಿ" ಎಂದು. ಊಟಕ್ಕೆ ಎಂದರೆ ಶಾಸ್ತ್ರ ಮುಗಿದ ಮೇಲೆ ಎಂದು ಅರ್ಥ. ಕರೆದವರೂ ಬಿಡಿಸಿ ಹೇಳಲಿಲ್ಲ, ಅವಳೂ ಬಿಡಿಸಿ ಕೇಳಲಿಲ್ಲ.

ಒಂದು ಸಲ ಮಾತ್ರ ಬೇಗ ಹೋಗಿಬಿಟ್ಟಳು. ತೊಟ್ಟಿಲಿನ ಈಚೆ ಕೂರಬೇಕಾದ ಹೆಂಗಸು ಇನ್ನೂ ಬಂದಿರಲಿಲ್ಲ. ಹಾಲಮ್ಮ ಸೆರಗು ಸಿಕ್ಕಿಸಿ, ಕೂತು, ನನ್ನತ್ತ ಕೈ ಚಾಚಿದಳು. ಮೂಲೆಮನೆಯ ಗುರುಸಿದ್ದವ್ವ ತಡೆದಳು. "ಹಾಲಮ್ಮ, ನೀನು ಒಂದೀಟು ಆಚೆಗೆ ಕೂತ್ಕ ತಾಯಿ. ಮಕ್ಕಳೊಂದಿಗಳು ಹಿಡೀಲಿ." ದನಿ ಮೆತ್ತಗೇ ಇತ್ತು. ಹಾಲಮ್ಮ ಎದ್ದು, ಗೋಡೆ ಬದಿಗೆ ಕೂತು, ಕೊನೆಯವರೆಗೂ ನಗುತ್ತಲೇ ಇದ್ದಳು. ನನಗೆ ಮೈ ಉರಿಯಿತು. ಕಲ್ಲಿಗೆ ಮೈ ಉರಿದರೆ ಯಾರಿಗೆ ತಿಳಿಯಬೇಕು?

ಸಂಜೆ ಹಿತ್ತಲಲ್ಲಿ ಅವಳು ಅಳುವಾಗ ಕೊಟ್ರಪ್ಪ ಬಂದು ಪಕ್ಕದಲ್ಲಿ ನಿಂತ. "ಕಲ್ಲು ಆಗ್ತೈತೆ ಇವ್ರಿಗೆ, ಕಲ್ಲಿನೋಳು ಆಗಲ್ಲ" ಎಂದ. ಅವನ ಬಾಯಿಂದ ನಾನು ಕೇಳಿದ ಅತಿ ಸಿಟ್ಟಿನ ಮಾತು ಅದು.

ಹಾಲಮ್ಮನ ಮುಟ್ಟು ನಿಂತು ಎಷ್ಟೋ ಕಾಲವಾಗಿತ್ತು, ತಲೆ ಬೆಳ್ಳಗಾಗಿತ್ತು. ಆಗ ಟಿವಿಯಲ್ಲಿ ತೋರಿಸಿದರಂತೆ, ಎಲ್ಲಿಯೋ ಅವಳದೇ ವಯಸ್ಸಿನ ಹೆಂಗಸು ಹಡೆದಳು ಎಂದು. ಅವತ್ತಿನಿಂದ ಹಾಲಮ್ಮನ ತಲೆಯಲ್ಲಿ ಅದೊಂದೇ. "ಬ್ಯಾಡ ಬಿಡೇ, ನನಗೆ ಅರವತ್ತಾತು" ಎಂದ ಕೊಟ್ರಪ್ಪ. ಅವಳು ಊಟ ಬಿಟ್ಟಳು. ಅವನು ಸೋತ.

ಊರಿನ ಡಾಕ್ಟರಮ್ಮನ ಹತ್ತಿರ ಹೋಗಿ ಬಂದ ದಿನ ಅವಳು ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ನನಗೆ ಹೇಳಿದಳು. ಹೇಳಲು ಬೇರೆ ಯಾರಿದ್ದರು? ಡಾಕ್ಟರಮ್ಮ ಕೇಳಿದ್ದರಂತೆ, "ಮಗು ಕಾಲೇಜಿಗೆ ಹೋಗೋ ಹೊತ್ತಿಗೆ ನೀವಿಬ್ರೂ ಎಲ್ಲಿರ್ತೀರಿ ಅಮ್ಮಾ?" ಹಾಲಮ್ಮ ಬಿಡುವವಳಲ್ಲ. "ನೀವೆಲ್ಲಿರ್ತೀರ್ರಿ ಡಾಕ್ಟ್ರೇ? ಚೀಟಿ ಬರಸ್ಕೊಂಡ್ ಬಂದೀರಾ?" ಎಂದಳಂತೆ. ಡಾಕ್ಟರಮ್ಮ ನಕ್ಕರಂತೆ. ಆಮೇಲೆ ನಗು ನಿಲ್ಲಿಸಿ, "ನಾನು ಮಾಡಲ್ಲ. ನಿಮ್ಮ ಜೀವಕ್ಕೂ ಅಪಾಯ, ಆ ಮಗುವಿಗೂ ಅನ್ಯಾಯ" ಎಂದರಂತೆ.

ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಹೂಂ ಅಂದರು. ಅಲ್ಲಿ ಯಾರೂ ಇಂಥ ಪ್ರಶ್ನೆ ಕೇಳಲಿಲ್ಲ. ಈಗೇನೋ ಅದಕ್ಕೊಂದು ಕಾನೂನು ಬಂದಿದೆಯಂತೆ, ವಯಸ್ಸು ಮೀರಿದವರಿಗೆ ಮಾಡುವಂತಿಲ್ಲವಂತೆ. ಆಗ ಇರಲಿಲ್ಲ. ಕೇಳಿ ಬೇಡ ಅಂದವರು ಒಬ್ಬರು, ಕೇಳದೆ ಹೂಂ ಅಂದವರು ಇನ್ನೊಬ್ಬರು. ಇಬ್ಬರಲ್ಲಿ ಯಾರಿಗೆ ಹಾಲಮ್ಮನ ಮೇಲೆ ಹೆಚ್ಚು ಕರುಣೆಯಿತ್ತು ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಂಡ ಬೇರೆಯವಳದು. ಯಾರೋ ಹುಡುಗಿಯದು, ಹೆಸರು ಹೇಳುವುದಿಲ್ಲವಂತೆ. ಅದೊಂದು ಮಾತು ಹಾಲಮ್ಮನನ್ನು ಬಹಳ ದಿನ ಕೊರೆಯಿತು. ಒಂದು ಮಧ್ಯಾಹ್ನ ನನ್ನ ಬೆನ್ನು ಸವರಿ ಕೇಳಿದಳು, "ಅಲ್ಲೋ ಗುಂಡಪ್ಪ, ಅಕ್ಕಿ ಅಂಗಡೀದು, ಉದ್ದು ಅಂಗಡೀದು. ರುಬ್ಬಿದ ಮೇಲೆ ಹಿಟ್ಟು ನಮ್ದೇ ಅಲ್ವೇನೋ?" ಹೌದು ಎಂದು ಕೂಗಬೇಕೆನಿಸಿತು. ಎಷ್ಟೋ ವರ್ಷ ಬೇರೆಯವರ ಬೆಳೆಯನ್ನು ರುಬ್ಬಿದವನು ನಾನು, ನನಗೆ ಗೊತ್ತಿಲ್ಲವೇ?

ಮೊದಲ ಸಲ ಗರ್ಭ ನಿಲ್ಲಲಿಲ್ಲ. ಎರಡನೆಯ ಸಲ ನಿಂತಿತು. ಕಾಲು ಬಾತು, ಬಿಪಿ ಏರಿ, ಕಡೆಯ ತಿಂಗಳುಗಳನ್ನು ಆಸ್ಪತ್ರೆಯ ಮಂಚದಲ್ಲೇ ಕಳೆದಳು. ಹಿತ್ತಲು ಬಿಕೋ ಎನ್ನುತ್ತಿತ್ತು. ಅವಳು ಸತ್ತೇ ಹೋಗುತ್ತಾಳೆ ಎಂದು ಒಗೆಯುವ ಕಲ್ಲಿನ ಹತ್ತಿರ ನೀಲಮ್ಮ ಯಾರಿಗೋ ಹೇಳುತ್ತಿದ್ದಳು. ಸಾಯಲಿಲ್ಲ. ದಿನ ತುಂಬುವ ಮೊದಲೇ ಒಂದು ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು, ಅಂಗೈಗಿಂತ ತುಸು ದೊಡ್ಡದು.

ತೊಟ್ಟಿಲು ಶಾಸ್ತ್ರಕ್ಕೆ ಇಡೀ ಬೀದಿ ಬಂತು. ಅರ್ಧ ಜನ ಹರಸಲು, ಅರ್ಧ ಜನ ನೋಡಲು. ಅಂದೂ ಹಾಲಮ್ಮನೇ ನನ್ನನ್ನು ಎರೆದಳು. ತೊಟ್ಟಿಲಿನ ಈಚೆ ಕೂತಳು. ಗುರುಸಿದ್ದವ್ವ ಗೋಡೆ ಬದಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಆಚೆ ಬದಿ ನೀಲಮ್ಮ, ಅವಳ ತೊಡೆಯ ಮೇಲೆ ಕೂಸು. "ಕಲ್ಲು ಕೊಟ್ಟೆ, ಕೂಸು ಕೊಡು" ಎಂದಳು ಹಾಲಮ್ಮ. ಅಂದಳೇ ಹೊರತು ಕೈ ಬಿಡಲಿಲ್ಲ. ಇಷ್ಟು ವರ್ಷ ಅವಳ ಕೈಗೆ ಸಿಕ್ಕಿದ್ದು ನಾನೊಬ್ಬನೇ ತಾನೇ! "ಬಿಡ್ರಿ ಹಾಲಮ್ಮಕ್ಕ, ಕಲ್ಲು ಬಿಟ್ರೆ ತಾನೆ ಕೂಸು!" ಎಂದು ನೀಲಮ್ಮ ಎಳೆದಳು. ಎಲ್ಲರೂ ನಕ್ಕರು. ಕೊಟ್ರಪ್ಪನ ತಂಗಿ ಕೂಸಿನ ಕಿವಿಯಲ್ಲಿ ಇಂಚರ ಎಂದು ಹೆಸರು ಕೂಗಿ, ಪದ್ಧತಿಯಂತೆ ಬೆನ್ನಿಗೆ ಗುದ್ದು ತಿಂದಳು. ಬಾಗಿಲ ಬಳಿ ಯಾರೋ "ಅಜ್ಜಿ ಬಾಣಂತಿ" ಎಂದು ಪಿಸುಗುಟ್ಟಿ ಕಿಸಕ್ಕೆಂದರು. ಹಾಲಮ್ಮನಿಗೆ ಕೇಳಿಸಿತೋ ಇಲ್ಲವೋ, ಅವಳು ಕೂಸಿನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ.

ಆ ಮನೆಯಲ್ಲಿ ಸುಖ ಇದ್ದದ್ದು ಆಗ. ಇಂಚರ ತೊದಲಿ "ಅಮ್ಮ" ಅಂದ ದಿನ ಹಾಲಮ್ಮ ಹಿತ್ತಲಿಗೆ ಓಡಿ ಬಂದು ನನಗೆ ಹೇಳಿದಳು. ಆಮೇಲೆ ನೀಲಮ್ಮನಿಗೆ, ಆಮೇಲೆ ಹಾಲು ತರುವವನಿಗೆ.

ಮಗು ಶಾಲೆಗೆ ಸೇರುವ ಮೊದಲೇ ಕೊಟ್ರಪ್ಪ ಭಟ್ಟಿಯ ಮುಂದೆ ಕುಸಿದು ಬಿದ್ದು ತೀರಿಹೋದ. ಭಟ್ಟಿಯನ್ನು ಬೇರೆಯವರು ಹಿಡಿದರು. ಹಾಲಮ್ಮ ಮೊಣಕಾಲು ನೋವಿನಲ್ಲೇ ಮಗುವನ್ನು ಶಾಲೆಗೆ ಬಿಡುತ್ತಿದ್ದಳು, ಕರೆತರುತ್ತಿದ್ದಳು. ತಲೆಗೆ ಕರಿಬಣ್ಣ ಹಚ್ಚಿದಳು. ಬಣ್ಣ ಕೂದಲನ್ನು ಮುಚ್ಚಿತು, ಸುಕ್ಕನ್ನು ಮುಚ್ಚಲಿಲ್ಲ. ಆಟೋದವನು "ಅಜ್ಜಿ, ಹುಷಾರು" ಅನ್ನುವನು. ಹೊಸ ಟೀಚರು "ಇಂಚರ, ನಿಮ್ಮಜ್ಜಿ ಬಂದ್ರು ನೋಡು" ಅನ್ನುವರು. ಪ್ರತಿ ಸಲವೂ ಅವಳು ತಿದ್ದುತ್ತಿದ್ದಳು, "ಅಜ್ಜಿ ಅಲ್ರೀ, ತಾಯಿ."

ಒಂದು ಸಂಜೆ ಹಿತ್ತಲಿಗೆ ಬಂದವಳು ಒಗೆಯುವ ಕಲ್ಲಿನ ಮೇಲೆ ಕೂತಳು. ಆಮೇಲೆ ಹೇಳಿದಳು. ಶಾಲೆಯ ಗೇಟಿನಲ್ಲಿ ಹೊಸ ಗೆಳತಿಯೊಬ್ಬಳು "ಯಾರೇ ಅದು?" ಎಂದು ಕೇಳಿದಾಗ, ಇಂಚರ ತಾಯಿಯ ಮುಖ ನೋಡದೆ "ನಮ್ಮಜ್ಜಿ" ಅಂದಿದ್ದಳು. ಹಾಲಮ್ಮ ಆ ದಿನ ತಿದ್ದಲಿಲ್ಲ. "ಹೂನವ್ವ, ಅಜ್ಜಿ ನಾನು" ಎಂದು ಆ ಗೆಳತಿಗೆ ಒಂದು ಪೆಪ್ಪರಮಿಂಟು ಕೊಟ್ಟು ಬಂದಿದ್ದಳು.

"ಕೂಸು ಏನ್ ಮಾಡ್ತದೆ ಪಾಪ, ಎಲ್ರೂ ನಗ್ತಾರೆ" ಅಂದಳು ನನಗೆ. ಹಾಗೆಂದು ಸೆರಗು ಬಾಯಿಗಿಟ್ಟುಕೊಂಡಳು.

ಅಲ್ಲಿಂದ ಮುಂದೆ ಹೊಸ್ತಿಲೊಳಗೆ ಅಮ್ಮ, ಹೊಸ್ತಿಲಾಚೆ ಅಜ್ಜಿ. ತಾಯಿ ಮಗಳು ಈ ವಿಷಯ ಒಂದು ದಿನವೂ ಮಾತಾಡಲಿಲ್ಲ. ಕರಿಬಣ್ಣದ ಡಬ್ಬಿ ಹಿತ್ತಲಲ್ಲಿ ನನ್ನ ಪಕ್ಕ ಬಿದ್ದು ತುಕ್ಕು ಹಿಡಿಯಿತು. ಯಾವ ಮಾತಿಗಾಗಿ ಅವಳು ಜೀವವನ್ನೇ ಪಣಕ್ಕೆ ಇಟ್ಟಿದ್ದಳೋ ಆ ಮಾತನ್ನು ಮಗಳಿಗಾಗಿ ಗೇಟಿನ ಹತ್ತಿರ ಬಿಟ್ಟು ಬಂದಿದ್ದಳು. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅವಳನ್ನು ಕೇಳಿ ಯಾರೂ ಇದನ್ನೆಲ್ಲ ಮಾಡಿರಲಿಲ್ಲವಲ್ಲ.

ಇಂಚರ ಹೈಸ್ಕೂಲು ಸೇರಿದ ವರ್ಷ ಹಾಲಮ್ಮನ ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದರು. ಮೆಟ್ಟಿಲು ಹತ್ತಿದರೆ ಏದುಸಿರು. ಮಗಳು ಶಾಲೆಗೆ ಹೋಗಿದ್ದಾಗ ವಿಮಲಾಕ್ಷಿಯನ್ನು ಕರೆಸಿದಳು. ಹೌದು, ನನ್ನ ನಂತರ ತೊಟ್ಟಿಲಲ್ಲಿ ಮಲಗಿದ ಆ ಮೊದಲ ಕೂಸು. ಈಗ ಅದೇ ಊರಲ್ಲಿ ಬ್ಯಾಂಕಿನ ಕೆಲಸ, ಗಂಡ, ಇಬ್ಬರು ಗಂಡುಮಕ್ಕಳು.

ಹಾಲಮ್ಮ ಅವಳನ್ನು ಹಿತ್ತಲಿಗೆ ಕರೆತಂದಳು. ಬಗ್ಗಿ ನನ್ನನ್ನು ಎತ್ತಲು ನೋಡಿದಳು. ಆಗಲಿಲ್ಲ. ನನ್ನ ಮೇಲೆ ಕೈಯಿಟ್ಟು ಅಲ್ಲೇ ಕೂತಳು.

"ಕಲ್ಲು ಕೊಟ್ಟೆ ಕಣವ್ವ" ಅಂದಳು.

"ಏನ್ ದೊಡ್ಡಮ್ಮ ಇದು?"

"ಈ ಸಲ ಶಾಸ್ತ್ರ ಉಲ್ಟಾ ಆತು. ಕಲ್ಲೂ ನಾನೇ ಕೊಡ್ತೀನಿ, ಕೂಸೂ ನಾನೇ ಕೊಡ್ತೀನಿ."

ವಿಮಲಾಕ್ಷಿಗೆ ಅವಳದೇ ಸಂಸಾರವಿತ್ತು, ಕೇಳಬೇಕಾದ ಗಂಡನಿದ್ದ. ಹಾಲಮ್ಮ ಅವಸರ ಮಾಡಲಿಲ್ಲ. ಡಾಕ್ಟರಮ್ಮ ಅಂದು ಕೇಳಿದ ಪ್ರಶ್ನೆ ಇಷ್ಟು ವರ್ಷ ಸುತ್ತಿ ಬಳಸಿ ಆ ಹಿತ್ತಲಿಗೆ ಬಂದು ನಿಂತಿತ್ತು. ಉತ್ತರ ಹೇಳಬೇಕಾಗಿ ಬಂದದ್ದು ಮಾತ್ರ ಬೇರೆಯವಳು. ಕಡೆಗೆ ವಿಮಲಾಕ್ಷಿ ಮಂಡಿಯೂರಿ ನನ್ನನ್ನು ಎರಡು ಕೈಯಲ್ಲಿ ಹಿಡಿದಳು. "ತಗೊಂಡೆ ದೊಡ್ಡಮ್ಮ" ಅಂದಳು. ಆಗ ಹಾಲಮ್ಮ ಕೈ ಬಿಟ್ಟಳು.

ಆ ಬೇಸಿಗೆಯಲ್ಲೇ ಹಾಲಮ್ಮ ಹೋದಳು. ಮಣ್ಣಿಗೆ ಬಂದ ಶಾಲೆಯವರು "ಪಾಪ, ಅಜ್ಜಿ ಹೋಗ್ಬಿಟ್ರಲ್ಲ" ಎಂದು ಇಂಚರಳನ್ನು ಸಮಾಧಾನ ಮಾಡಿದರಂತೆ. ಅವಳು ತಲೆ ತಗ್ಗಿಸಿ ನಿಂತಿದ್ದಳಂತೆ.

ಈಗ ನಾನು ವಿಮಲಾಕ್ಷಿಯ ಮನೆಯ ಹಿಂಬದಿಯ ಸಿಟೌಟಿನಲ್ಲಿ ಇದ್ದೇನೆ, ವಾಷಿಂಗ್ ಮಷಿನ್ನಿನ ಪಕ್ಕ. ಅದು ಗಡಗಡ ಅನ್ನುತ್ತದೆ, ಕತೆ ಹೇಳುವುದಿಲ್ಲ. ಆ ಮನೆಯಲ್ಲಿ ಇಂಚರಳಿಗೆ ಊಟ ಬಟ್ಟೆಗೆ ಕೊರತೆಯಿಲ್ಲ, ಎಲ್ಲರೂ ಒಳ್ಳೆಯವರು. ಆದರೂ ಸಂಜೆ ಅವಳು ಇಲ್ಲಿ ಬಂದು ನನ್ನ ಚಪ್ಪಟೆ ಮಗ್ಗುಲ ಮೇಲೆ ಕಾಲಿಟ್ಟುಕೊಂಡು ಒಬ್ಬಳೇ ಕೂರುತ್ತಾಳೆ. ಅವಳು ನನ್ನ ಜೊತೆ ಮಾತಾಡುವುದಿಲ್ಲ.

ಮೊನ್ನೆ ಕೆಳಗಿನ ಮನೆಗೆ ಹೊಸದಾಗಿ ಬಂದ ಹೆಂಗಸು ಹತ್ತಿ ಬಂದಳು. ಮೊಮ್ಮಗನ ತೊಟ್ಟಿಲು ಶಾಸ್ತ್ರವಂತೆ. ಇಲ್ಲೊಂದು ಗುಂಡುಕಲ್ಲು ಇದೆ ಎಂದು ಯಾರೋ ಹೇಳಿದ್ದರಂತೆ.

"ಇದೇನಾ? ಚೆನ್ನಾಗೈತಲ್ಲ! ನಿಮ್ಮಜ್ಜೀದೇನಮ್ಮ?"

ಇಂಚರ ಕಾಲು ಕೆಳಗಿಟ್ಟಳು. ಆಮೇಲೆ ಅವಳ ದನಿ ಎಷ್ಟು ಜೋರಾಗಿ ಬಂತೆಂದರೆ ಒಳಗಿದ್ದ ವಿಮಲಾಕ್ಷಿ ಹೊರಗೆ ಬಂದು ನೋಡಿದಳು.

"ಅಜ್ಜೀದಲ್ಲ. ನಮ್ಮಮ್ಮಂದು."

"ಹಂಗಾದ್ರೆ ಅಮ್ಮನ್ನೇ ಕೇಳಿ ಒಯ್ತೀನಿ, ಒಳಗದಾರಾ?"

ಇಂಚರ ಎದ್ದಳು. ನೀರು ತಂದು ನನ್ನನ್ನು ತೊಳೆದಳು, ಎಣ್ಣೆ ಹಚ್ಚಿದಳು, ಕೆನ್ನೆಗೊಂದು ಕಾಡಿಗೆ ಚುಕ್ಕೆಯಿಟ್ಟಳು. ಯಾರೂ ಕಲಿಸಿರಲಿಲ್ಲ, ನೋಡಿ ನೋಡಿಯೇ ಕಲಿತಿದ್ದಳು. ಅಮ್ಮ ಎಂಬ ಆ ಒಂದು ಮಾತು ಹೊಸ್ತಿಲಾಚೆ ಕೇಳಲಿ ಎಂದು ಹಾಲಮ್ಮ ಏನೆಲ್ಲ ಪಾಡು ಪಟ್ಟಳು. ಅದು ಕೇಳಿಸಿದ ದಿನ ಅವಳ ಕಡೆಯವನಾಗಿ ಅಲ್ಲಿದ್ದದ್ದು ನಾನೊಬ್ಬನೇ.